ಮೊಬೈಲು ಬಿಡದವರು ಮೊಮ್ಮಗಳಲ್ಲ, ನಮ್ಮವರು

ಕಳೆದ ಸಂಚಿಕೆಯಲ್ಲಿ ಮಕ್ಕಳು ಮತ್ತು ಮೊಬೈಲಿನ ಬಗ್ಗೆ ಬಂದ ಲೇಖನ ಓದಿ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಒಬ್ಬ ಗೃಹಿಣಿ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ಮಕ್ಕಳಿಗೆ ಬುದ್ಧಿ ಹೇಳಿದ್ದು ಸಾಕು. ನಮ್ಮ ಮನೆಯಲ್ಲಿ ಮೊಬೈಲು ಬಿಡದವರು ಮೊಮ್ಮಗಳಲ್ಲ, 68 ವರ್ಷದ ನಮ್ಮವರು. ಸಣ್ಣ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ದುಡಿಯುತ್ತ ಫೋರ್ಟಿನ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮಾಡಿ, ಬ್ಯಾಂಕು ಸೇರಿದವರು. ಈಗ ಬೆಳಿಗ್ಗೆ ಕಾಫಿಗೆ ಮೊದಲು ಊರಿನ ಗ್ರೂಪು, ಮಧ್ಯಾಹ್ನ ರೀಲ್ಸು, ರಾತ್ರಿ ಹನ್ನೊಂದೂವರೆಯಾದರೂ ಚಾದರದೊಳಗೆ ಬೆಳಕು. ವಾಲ್ಯೂಮ್ ಎಷ್ಟೆಂದರೆ ಪಕ್ಕದ ಫ್ಲ್ಯಾಟಿನವರು ಬಂದು ಹೇಳಿ ಹೋದರು. ಏನು ಹೇಳಿದರೂ ಹ್ಞೂಂ ಅನ್ನುತ್ತಾರೆ, ಕೇಳಿಸಿಕೊಂಡಿರುವುದಿಲ್ಲ. ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರಂತೆ, ಮೊಮ್ಮಗಳನ್ನು ಕೆಳಗೆ ಆಡಲು ಬಿಡುವುದಿಲ್ಲ. ನಿದ್ದೆ ಕಡಿಮೆ, ಸಿಡುಕು ಜಾಸ್ತಿ. ರಿಟೈರ್ ಆಗುವವರೆಗೆ ಹೀಗಿರಲಿಲ್ಲ. ಇದು ಕಾಯಿಲೆಯೇ? ಚಾರ್ಜರ್ ಅಡಗಿಸಿಡಲೇ?"

ಸೋದರಿ,

ನೀಲಿ ಇಂಕಿನಲ್ಲಿ ಚಿತ್ತುಕಾಟಿಲ್ಲದೆ ಬರೆದ ನಿಮ್ಮ ಪತ್ರವನ್ನು ನಮ್ಮ ಡಿಟಿಪಿ ಹುಡುಗ ಫೋಟೊ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದ. ನಾನದನ್ನು ಓದಿದ್ದು ದಾದರ್ ಸೇತುವೆಯ ಮೆಟ್ಟಿಲಲ್ಲಿ ನಿಂತು, ಹಿಂದಿನವರಿಂದ ಬೈಸಿಕೊಳ್ಳುತ್ತ. ಮೊಬೈಲನ್ನು ಬೈಯಲು ನನಗಿರುವ ಅಧಿಕಾರ ಅಷ್ಟರದ್ದೇ.

ಚಾರ್ಜರ್ ಅಡಗಿಸಿಡಬೇಡಿ. ಸ್ಟೇಷನ್ನಿನ ಹೊರಗೆ ಇನ್ನೊಂದು ಸಿಗುತ್ತದೆ, ಮನೆಯಲ್ಲಿ ಜಗಳ ಮಾತ್ರ ಉಳಿಯುತ್ತದೆ.

ಇನ್ನು ಕಾಯಿಲೆಯ ಮಾತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮ್ ಆಡುವ ಚಟಕ್ಕೆ ಜಾಗ ಸಿಕ್ಕಿದೆ. ವಾಟ್ಸಾಪಿಗೆ, ರೀಲ್ಸಿಗೆ ಹಾಗೆ ಪ್ರತ್ಯೇಕ ಹೆಸರಿಲ್ಲ. ಗೇಮಿನವರನ್ನೂ ಆಡಿದ ಗಂಟೆ ಲೆಕ್ಕ ಹಾಕಿ ರೋಗಿಗಳೆನ್ನುವುದಿಲ್ಲ. ಕೈ ಹಿಡಿತ ತಪ್ಪಿದೆಯೇ, ಉಳಿದ ಕೆಲಸಗಳೆಲ್ಲ ಹಿಂದೆ ಬಿದ್ದಿವೆಯೇ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗುತ್ತಿಲ್ಲವೇ ಎಂದು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ಬೇರೆ ಕ್ಲಿನಿಕ್ ತೆರೆಯಿತು, ಹಾಗಾಗಿ ವಿಷಯ ಹಗುರವಾದದ್ದೇನೂ ಅಲ್ಲ. ಆದರೂ 'ಚಟ' ಎಂಬ ಹಣೆಪಟ್ಟಿಯನ್ನು ನಾವು ಬಹಳ ಅಗ್ಗವಾಗಿ ಹಚ್ಚುತ್ತೇವೆ.

ಮೊಬೈಲು ಮನಸ್ಸನ್ನು ಹಾಳು ಮಾಡುತ್ತದೆ ಎಂಬ ಮಾತನ್ನೂ ಸ್ವಲ್ಪ ಜರಡಿ ಹಿಡಿಯಬೇಕು. ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಎಂಬ ಸಂಶೋಧಕರು ಅಮೆರಿಕ, ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಅಂಕಿಅಂಶ ಜಾಲಾಡಿ 2019ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ತೆರೆಯ ಬಳಕೆಗೆ ಅಂಟಿಕೊಂಡಿದ್ದು ಹೆಚ್ಚೆಂದರೆ ಶೇ. 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತು. ಇದು ಸರಾಸರಿಯ ಮಾತು, ಅದೂ ಮಕ್ಕಳದ್ದು. ಸರಾಸರಿಯಲ್ಲಿ ನಿಮ್ಮ ಮನೆಯ ಹಾಲ್ ಕಾಣಿಸುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯೋಗ. 2018ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರು ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸುಮಾರು ಒಂದು ಗಂಟೆ ಮಿಕ್ಕಿತು. ಅದರಲ್ಲಿ ಒಂದಿಷ್ಟು ಟೀವಿಗೆ ಹೋಯಿತು, ಒಂದಿಷ್ಟು ಮನೆಯವರಿಗೆ, ಗೆಳೆಯರಿಗೆ. ಮನಸ್ಸು ತುಸು ಹಗುರಾಯಿತು, ಬಹಳವೇನೂ ಅಲ್ಲ. ಮಿಕ್ಕ ಗಂಟೆಯನ್ನು ತೆಗೆದುಕೊಳ್ಳಲು ಅವರಿಗೆ ಯಾರೋ ಇದ್ದರು ಎನ್ನುವುದನ್ನು ನೀವು ಗಮನಿಸಬೇಕು.

ನಿಮ್ಮವರಿಗೆ ಯಾರಿದ್ದಾರೆ?

ಪತ್ರದ ಕೊನೇ ಸಾಲುಗಳಲ್ಲಿ ನೀವೇ ಹೇಳಿದ್ದೀರಿ, ರಿಟೈರ್ ಆಗುವವರೆಗೆ ಹೀಗಿರಲಿಲ್ಲ ಎಂದು. ಡೊಂಬಿವಲಿಯಿಂದ ಮುಂಬಯಿಯ ವಿಟಿ ಸ್ಟೇಷನ್ನಿಗೆ ದಿನಾ ಹೋಗಿ ಬಂದವರಿಗೆ ಆಫೀಸಿಗಿಂತ ದೊಡ್ಡದು ಟ್ರೈನ್ ಗ್ರೂಪು. ಅದೇ ಲೋಕಲ್ಲು, ಅದೇ ಬೋಗಿ, ಅದೇ ಬಾಗಿಲ ಪಕ್ಕದ ಜಾಗ. ಮೊಣಕಾಲ ಮೇಲೆ ಬ್ರೀಫ್‌ಕೇಸಿಟ್ಟು ಇಸ್ಪೀಟು, ಮಂಗಳವಾರ ಭಜನೆ, ದಸರೆಗೆ ಬೋಗಿಗೆ ಹೂವಿನ ಮಾಲೆ, ಯಾರದೋ ಮಗಳಿಗೆ ಗಂಡು ಹುಡುಕುವ ಮಾತು. ಒಬ್ಬ ಎರಡು ದಿನ ಬಾರದಿದ್ದರೆ ಮೂರನೇ ದಿನ ಅವನ ಮನೆಗೆ ಫೋನ್ ಹೋಗುತ್ತಿತ್ತು. ನಿವೃತ್ತಿಯ ದಿನ ಬ್ಯಾಂಕಿನವರು ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತಾರೆ. ಟ್ರೈನ್ ಗ್ರೂಪು ಹೋಯಿತಲ್ಲ ಎಂದು ಯಾರೂ ಮಾತಾಡುವುದಿಲ್ಲ. ಆ ಖಾಲಿ ಜಾಗ ಮೊದಲೇ ಇತ್ತು, ಮೊಬೈಲು ಆಮೇಲೆ ಬಂದು ಕೂತಿತು ಎಂಬುದು ನನ್ನ ಊಹೆ.

ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಎಚ್ಚರಿಸುವ ಸರ್ಕಾರದ ದೊಡ್ಡ ವೈದ್ಯರು, ಆಗಿದ್ದ ವಿವೇಕ್ ಮೂರ್ತಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರು. 2023ರ ಮೇ ತಿಂಗಳಲ್ಲಿ ಅವರು ಎರಡು ಎಚ್ಚರಿಕೆಗಳನ್ನು ಹೊರಡಿಸಿದರು. ಸೋಷಿಯಲ್ ಮೀಡಿಯಾ ಎಳೆಯರ ಮನಸ್ಸಿಗೆ ಏನು ಮಾಡುತ್ತದೆ ಎಂಬುದು ಒಂದು, ಒಂಟಿತನ ದೇಹಕ್ಕೂ ಮನಸ್ಸಿಗೂ ಏನು ಮಾಡುತ್ತದೆ ಎಂಬುದು ಇನ್ನೊಂದು. ನಮ್ಮಲ್ಲಿ ಚರ್ಚೆಯೆಲ್ಲ ಮೊದಲಿನದರ ಮೇಲೆ. ನಿಮ್ಮ ಪತ್ರಕ್ಕೆ ಸಂಬಂಧಿಸಿದ್ದು ಎರಡನೆಯದು.

ಊರಿನ ಗ್ರೂಪಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನೂ ಅಂಥ ಒಂದರಲ್ಲಿದ್ದೇನೆ. ಹಿಂದೆ ಊರಿನ ಸಾವಿನ ಸುದ್ದಿ ಇನ್‌ಲ್ಯಾಂಡ್ ಪತ್ರದಲ್ಲಿ ಬರುತ್ತಿತ್ತು, ಬರುವಷ್ಟರಲ್ಲಿ ಬೊಜ್ಜ (ಉತ್ತರಕ್ರಿಯೆ) ಮುಗಿದಿರುತ್ತಿತ್ತು. ಒಂದು ದಿನ ಬೇಜಾರು ಮಾಡಿಕೊಂಡು, ರಜೆಯಲ್ಲಿ ಹೋದಾಗ ಅವರ ಮನೆಗೊಮ್ಮೆ ಹೋಗಿ ಕೂತು ಬರುತ್ತಿದ್ದೆವು. ಈಗ ಹೆಣ ಎತ್ತುವ ಮೊದಲೇ ಫೋಟೊ ಬರುತ್ತದೆ. ಅದರ ಕೆಳಗೆ ಸಾಲಾಗಿ ಓಂ ಶಾಂತಿ, ಕೈಮುಗಿದ ಚಿತ್ರಗಳು, ಅದರ ಬೆನ್ನಿಗೇ ಯಾರದೋ ಮೆಹೆಂದಿಯ ವೀಡಿಯೊ, ಕೋಳಿ ಅಂಕದ ಜೋಕು. ನಲವತ್ತು ವರ್ಷ ಊರಿನಿಂದ ದೂರವಿದ್ದವರು ಬೆಳಿಗ್ಗೆ ಕಾಫಿಗೆ ಮೊದಲೇ ಒಬ್ಬೊಬ್ಬರಾಗಿ ತಮ್ಮ ವಾರಗೆಯವರನ್ನು ಕಳೆದುಕೊಳ್ಳುತ್ತಾರೆ. ಅಳಲು ಪುರಸೊತ್ತಿಲ್ಲ, ಬೆರಳು ಮುಂದಕ್ಕೆ ಸರಿದಿರುತ್ತದೆ. ಈ ದುಃಖ ಎಲ್ಲಿ ಹೋಗುತ್ತದೆ? ಸಿಡುಕಾಗಿ ನಿಮ್ಮ ಮೇಲೆ ಬೀಳುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ. ಹಾಗೆಂದು ಗ್ರೂಪು ಬಿಡಿ ಎಂದು ನಾನು ಹೇಳಲಾರೆ, ಅವರ ಪಾಲಿಗೆ ಊರು ಉಳಿದಿರುವುದು ಅಲ್ಲೇ. ಹೋದವರ ಮನೆಗೆ ಓಂ ಶಾಂತಿ ಒತ್ತುವ ಬದಲು ಒಂದು ಕರೆ ಮಾಡಿ ಮಾತಾಡಿಸಿ ಎನ್ನಿ, ಸಾಕು.

ರೀಲ್ಸಿನದ್ದು ಬೇರೆ ಕಥೆ. ಪುಟಕ್ಕೆ ಕೊನೆಯೇ ಇಲ್ಲದಂತೆ ಜಾರುತ್ತ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಕೊನೆ ಇಲ್ಲದ್ದು ಅರ್ಧ ಮರ್ಮ. ಉಳಿದರ್ಧ ಹಳೇ ಬೊಂಬಾಯಿಯವರಿಗೆ ಹೇಳಿಕೊಡಬೇಕಾಗಿಲ್ಲ, ಮಟ್ಕಾದಲ್ಲಿ ನಂಬರು ಯಾವತ್ತು ಹತ್ತುತ್ತದೋ ಗೊತ್ತಿಲ್ಲದ್ದರಿಂದಲೇ ಜನ ದಿನಾ ಚೀಟಿ ಬರೆಸುತ್ತಿದ್ದರು. ಹತ್ತು ವೀಡಿಯೊ ಸಪ್ಪೆ, ಹನ್ನೊಂದನೆಯದು ನಗಿಸುತ್ತದೆ. ಆ ಹನ್ನೊಂದನೆಯದು ಎಂಟನೆಯದಾಗಲೂಬಹುದು. ಇದಕ್ಕೆ ಬಿದ್ದವರನ್ನು ಬುದ್ಧಿ ಇಲ್ಲದವರು ಎನ್ನಲಾಗದು.

ಮೊಮ್ಮಗಳನ್ನು ಕೆಳಗೆ ಬಿಡದ ಸಂಗತಿಯಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. 2018ರ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಇದೇ ಮಕ್ಕಳ ಕಳ್ಳರ ವದಂತಿ ನಂಬಿದ ಗುಂಪು ಐವರು ಅಲೆಮಾರಿಗಳನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂಬ ಮಿತಿ ಹಾಕಿತು. ಜೋಡಿ ಬಾಣದ ಗುರುತಿರುವ ಮೆಸೇಜು ಬಹಳ ಕೈ ದಾಟಿ ಬಂದದ್ದು ಎಂದು ಅವರಿಗೆ ತೋರಿಸಿಕೊಡಿ. ಗಂಟೆಗಟ್ಟಲೆ ಟೀವಿ ನೋಡುವವರಿಗೆ ಹೊರಗಿನ ಜಗತ್ತು ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಎಂದು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ಹೇಳಿದ್ದರು. ವಾದ ಮಾಡಿ ಈ ಭಯ ಹೋಗುವುದಿಲ್ಲ. ಸಂಜೆ ಮೊಮ್ಮಗಳನ್ನು ಕೆಳಗೆ ಆಡಿಸುವ ಕೆಲಸವನ್ನು ಅವರಿಗೇ ವಹಿಸಿ. ಕಾವಲಿಗೆಂದು ಇಳಿದವರು ಬೆಂಚಿನ ಮೇಲಿನ ಇನ್ನೊಬ್ಬ ಅಜ್ಜನ ಪಕ್ಕ ಕೂರಲೇಬೇಕಾಗುತ್ತದೆ.

ನಿದ್ದೆಗೆ, ಮೊಬೈಲು ಹೊರಗೆ ಹಾಲ್‌ನಲ್ಲಿ ಚಾರ್ಜಿಗಿರಲಿ. ಅಲಾರಂ ಅದರಲ್ಲೇ ಇದೆ ಎನ್ನುತ್ತಾರೆ. ಒಂದು ಅಲಾರಂ ಗಡಿಯಾರ ತಂದುಕೊಡಿ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿಗೆ ಊರೇ ಟೀವಿ, ಮೊಬೈಲು ಆರಿಸುತ್ತದೆ. ಬೆಳಗಾವಿ ಪಕ್ಕದ ಹಲಗಾದಲ್ಲೂ ಅಂಥದೇ ಪ್ರಯತ್ನ ನಡೆಯಿತು. ಎಲ್ಲರೂ ಒಟ್ಟಿಗೆ ಬಿಟ್ಟಾಗ ಯಾರಿಗೂ ಏನೋ ತಪ್ಪಿಹೋಯಿತು ಅನಿಸುವುದಿಲ್ಲ. ನಿಮ್ಮ ಸೊಸೈಟಿಯಲ್ಲಿ ಸೈರನ್ ಹಾಕಿದರೆ ಮರುದಿನವೇ ಸೆಕ್ರೆಟರಿಗೆ ದೂರು ಹೋಗುತ್ತದೆ. ಮನೆಯಲ್ಲಾದರೂ ಊಟದ ಹೊತ್ತು ಹಾಗಿರಲಿ. ಆದರೆ ಸೋದರಿ, ಪತ್ರದ ಎರಡನೇ ಪುಟದಲ್ಲಿ ಎಂಟೂವರೆಯ ಧಾರಾವಾಹಿಯ ಪ್ರಸ್ತಾಪವೂ ಇದೆ. ಅದಕ್ಕೂ ಅದೇ ಕಾನೂನು.

ಒಂದು ವಿಷಯ ನಿಮ್ಮ ಪತ್ರದಲ್ಲೇ ಇದ್ದು, ನೀವು ಬೇರೆ ಅರ್ಥ ಮಾಡಿಕೊಂಡಂತಿದೆ. ಪಕ್ಕದ ಫ್ಲ್ಯಾಟಿಗೆ ಕೇಳುವಷ್ಟು ವಾಲ್ಯೂಮು, ಏನು ಹೇಳಿದರೂ ಹ್ಞೂಂ. ಕಿವಿ ಮಂದವಾಗಿರಬಹುದಲ್ಲವೇ? ಕೇಳಿಸದವರಿಗೆ ನಾಲ್ಕು ಜನರ ನಡುವೆ ಮಾತು ಹಿಂಸೆಯಾಗುತ್ತದೆ, ಮೆಲ್ಲಗೆ ಹಿಂದೆ ಸರಿಯುತ್ತಾರೆ. ಮೊಬೈಲಿನ ಧ್ವನಿಯನ್ನಾದರೆ ತಾವೇ ಏರಿಸಿಕೊಳ್ಳಬಹುದು. ಮೊದಲು ಕಿವಿಯ ಡಾಕ್ಟರಿಗೆ ತೋರಿಸಿ. ಹಿರಿಯರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಸಿಡುಕಾಗಿ, ನಿದ್ದೆಗೇಡಾಗಿ ಬರುವುದೂ ಉಂಟು. ಊಟ ಸೇರದೆ ಹೋದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ನಮ್ಮ ಮುಂದಿನ ಸಂಚಿಕೆಗೆ ಕಾಯಬೇಡಿ, ಮನೋವೈದ್ಯರ ಬಳಿ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಹೆಸರು ಹಾಕಿಲ್ಲ, ಆದರೂ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವ ನಿಮ್ಮವರಿಗೆ ಇದು ಯಾರ ಪತ್ರವೆಂದು ಗೊತ್ತಾಗದಿರುವುದಿಲ್ಲ. ಹಾಗಾಗಿ ಇನ್ನುಳಿದದ್ದು ನೇರ ಅವರಿಗೇ: ರಾಯರೇ, ಹಗಲು ಟೇಬಲ್ ಒರೆಸಿ ರಾತ್ರಿ ಬೆಂಚಿನ ಮೇಲೆ ಕೂತು ಕಲಿತ ನಿಮ್ಮ ತಲೆಮಾರಿನ ರಾತ್ರಿಶಾಲೆಯ ನೆನಪುಗಳು ನಮ್ಮ ಪತ್ರಿಕೆಗೆ ಬೇಕು. ಮೇಷ್ಟ್ರು ಯಾರು, ಹೋಟೆಲ್ ಯಜಮಾನರು ಎಷ್ಟು ಗಂಟೆಗೆ ಬಿಡುತ್ತಿದ್ದರು, ಪರೀಕ್ಷೆ ಫೀಸು ಯಾರು ಕಟ್ಟಿದರು, ಎಲ್ಲವನ್ನೂ ಹೇಳಿ. ಬರೆಯಲು ಬೇಸರವಾದರೆ ವಾಯ್ಸ್ ಮೆಸೇಜಿನಲ್ಲಿ ಕಳಿಸಿ, ಹುಡುಗ ಟೈಪ್ ಮಾಡುತ್ತಾನೆ. ದೀಪಾವಳಿ ಸಂಚಿಕೆಗೆ ಪುಟ ಕಾದಿರಿಸಿದ್ದೇನೆ.

ಸಂಪಾದಕ