ಗೇಶಾ ವೇಷದ ಬಿಳಿ ಬಣ್ಣ ಬಿರುಕು ಬಿಟ್ಟರೆ

ಹಗಲು ನಟ, ರಾತ್ರಿ ಗೇಶಾ (ಹಾಡು, ಕುಣಿತದಿಂದ ರಂಜಿಸುವ ಜಪಾನಿ ಕಲಾವಿದೆ) ಆಗುವ ನಿಮ್ಮ ಪಾತ್ರದ ಬಿಳಿ ಬಣ್ಣ ಎರಡನೇ ದೃಶ್ಯಕ್ಕೇ ಬಿರುಕು ಬಿಡುವುದಕ್ಕೆ ಕಾರಣ, ಬಹುಶಃ ಅಡಿಯಲ್ಲಿ ಮೇಣ ಇಲ್ಲದಿರುವುದು. ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯಲ್ಲಿ ಹೆಣ್ಣುಪಾತ್ರ ಮಾಡುವ ಗಂಡಸರು ಮೊದಲು ಬಿನ್‌ತ್ಸುಕೆ ಅನ್ನುವ ಗಟ್ಟಿ ಮೇಣವನ್ನು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ, ಮುಖಕ್ಕೂ ಕತ್ತಿಗೂ ತೆಳ್ಳಗೆ ಹಚ್ಚುತ್ತಾರೆ. ಹುಬ್ಬನ್ನೂ ಮೇಣದಲ್ಲೇ ಅದುಮಿ ಮುಚ್ಚಿಬಿಡುತ್ತಾರೆ. ನೀವೂ ಗಡ್ಡ ಬೋಳಿಸಿ ಹಾಗೇ ಮಾಡಿ. ಆಮೇಲೆ ಮೇಕಪ್‌ನ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಅಗಲ ಬ್ರಷ್‌ನಲ್ಲಿ ಬಳಿದು, ಸ್ಪಂಜಿನಿಂದ ತಟ್ಟಿ. ಉಜ್ಜಬೇಡಿ, ಮೇಣ ಎದ್ದು ಬರುತ್ತೆ.

ಕತ್ತಿನ ಹಿಂದೆ ಮಾತ್ರ ಎರಡು ಚೂಪು ಪಟ್ಟಿಯಷ್ಟು ಚರ್ಮಕ್ಕೆ ಬಣ್ಣ ಬಳಿಯದೆ ಬಿಡಿ. ಗೇಶಾ ಅನ್ನಿಸುವುದೇ ಅಲ್ಲಿ! ಬೆವರು ಜಾಸ್ತಿ ಇದ್ದರೆ ಇಷ್ಟೇ ಸಾಲದೇ ಇರಬಹುದು. ಪ್ರದರ್ಶನಕ್ಕೆ ಮೊದಲು ದೀಪದ ಕೆಳಗೆ ಒಂದು ಗಂಟೆ ಕೂತು ನೋಡಿ. ತೆಗೆಯಲು ಎಣ್ಣೆ, ಆಮೇಲೆ ಸೋಪು.