ಏಳುನೂರಾ ಮೂವತ್ತು ದಿನದ ಲೆಕ್ಕ

ತಮ್ಮಾ,

ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಉಳಿಸಿಕೊಳ್ಳುವುದು ಹೇಗೆ ಎಂದು ನೀ ಕಳಿಸಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. "ಕಾಕಾ, ಪಿಆರ್ ಕಾರ್ಡ್ ಐದು ವರ್ಷಕ್ಕ ಅದ. ಅವ್ವಗ ವಾರಕ್ಕ ಮೂರು ಸಲ ಡಯಾಲಿಸಿಸ್ ನಡದದ, ಬಿಟ್ಟು ಬರಲಾಕ ಆಗವಲ್ದು. ಆರು ತಿಂಗಳಿಗೊಮ್ಮೆ ಬಂದು ಮಾರಿ ತೋರಿಸಿ ಹೋದ್ರ ಸಾಕು ಅಂತ ಇಲ್ಲಿ ಏಜೆಂಟ್ ಅಂತಾನ. ಖರೆ ಏನು? ಮುಂದ ರಿನ್ಯೂ ಹ್ಯಾಂಗ?"

ಖರೆ ಅಲ್ಲ. ಆರು ತಿಂಗಳ ಮಾತು ದುಬೈ ಕಡೆಯದು. ಅಲ್ಲಿ ಸಾಮಾನ್ಯ ರೆಸಿಡೆನ್ಸ್ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಹೋಗುತ್ತದೆ. ಕಲಬುರಗಿಯಿಂದ ಗಲ್ಫಿಗೆ ಹೋದವರ ಮನೆಗಳಲ್ಲಿ ಇದು ಎಲ್ಲರಿಗೂ ಬಾಯಿಪಾಠ. ನಿಮ್ಮ ಏಜೆಂಟ್ ಅದೇ ಅಂಗಿಯನ್ನು ಕೆನಡಾಕ್ಕೂ ತೊಡಿಸಿದ್ದಾನೆ.

ಇಲ್ಲಿ ನೀನು ಎಷ್ಟು ಸಲ ಬಂದೆ ಎಂದು ಯಾರೂ ಕೇಳುವುದಿಲ್ಲ. ಎಷ್ಟು ದಿನ ಇದ್ದೆ ಎಂದು ಕೇಳುತ್ತಾರೆ. ಯಾವ ದಿನ ಲೆಕ್ಕ ಹಿಡಿದರೂ ಅದರ ಹಿಂದಿನ ಐದು ವರ್ಷದಲ್ಲಿ 730 ದಿನ ಈ ನೆಲದ ಮೇಲೆ ಇದ್ದಿರಬೇಕು. ಚೂರು ಚೂರಾಗಿ ಇದ್ದರೂ ಆಯಿತು, ಒಂದೇ ಸಲ ಎರಡು ವರ್ಷ ಕೂತರೂ ಆಯಿತು. ಪಿಆರ್ ಸಿಕ್ಕು ಇನ್ನೂ ಐದು ವರ್ಷ ತುಂಬದವರನ್ನು ಕೇಳುವುದು ಬೇರೆ: ಐದನೇ ವರ್ಷ ಮುಗಿಯುವಷ್ಟರಲ್ಲಿ 730 ತುಂಬಿಸಲು ಇನ್ನೂ ಜಾಗ ಉಳಿದಿದೆಯೇ? ಉಳಿದಿದ್ದರೆ ಸದ್ಯಕ್ಕೆ ತಕರಾರಿಲ್ಲ.

ನಿನಗೆ ಬೇಕಾದ ಉತ್ತರ ಇಲ್ಲೇ ಇದೆ. ನೀನು ಲ್ಯಾಂಡ್ ಆದದ್ದು 2024ರ ಸೆಪ್ಟೆಂಬರ್ 12, ಇದ್ದದ್ದು 38 ದಿನ. ಉಳಿದದ್ದು 692. ಐದು ವರ್ಷ ತುಂಬುವುದು 2029ರ ಸೆಪ್ಟೆಂಬರ್ 12ಕ್ಕೆ. ಅಲ್ಲಿಂದ 692 ದಿನ ಹಿಂದಕ್ಕೆ ಎಣಿಸಿದರೆ 2027ರ ಅಕ್ಟೋಬರ್ ಮೂರನೇ ವಾರಕ್ಕೆ ಬಂದು ನಿಲ್ಲುತ್ತದೆ. ಅಂದರೆ 2027ರ ಆಗಸ್ಟ್ ಒಳಗೆ ಬಂದು, ಆಮೇಲೆ ಎಲ್ಲೂ ಕದಲದೆ ಕೂತರೆ ಎರಡು ತಿಂಗಳು ಕೈಯಲ್ಲಿ ಇಟ್ಟುಕೊಂಡೇ ದಾಟುತ್ತೀ. ಅಲ್ಲಿಯವರೆಗೆ ನಿನ್ನ ಅವ್ವನ, ನಮ್ಮ ವೈನಿಯ ಹತ್ತಿರ ಇರು. ಆರು ತಿಂಗಳಿಗೊಮ್ಮೆ ಮಾರಿ ತೋರಿಸಲು ಬರುವ ಟಿಕೆಟ್ ದುಡ್ಡು ಆಸ್ಪತ್ರೆ ಖರ್ಚಿಗೆ ಆಗಲಿ. ಹದಿನೈದು ದಿನಕ್ಕೆಂದು ಬಂದರೆ ಸಿಗುವುದು ಹದಿನೈದೇ ದಿನ. ಅಷ್ಟರಲ್ಲಿ ಕೆಲಸ ಹುಟ್ಟುವುದಿಲ್ಲ, ಬಾಡಿಗೆ ಮನೆಯೂ ಸಿಗುವುದಿಲ್ಲ, ಹೈದರಾಬಾದಿನವರೆಗೆ ಕಾರು, ಅಲ್ಲಿಂದ ಎರಡು ವಿಮಾನ ಎಂದು ಮೈ ಹಣ್ಣಾಗುತ್ತದೆ ಅಷ್ಟೇ. ಅರ್ಧ ಅಲ್ಲಿ, ಅರ್ಧ ಇಲ್ಲಿ ಬಾಳುವುದು ನನ್ನಂಥ ಬೇರು ಬಿಟ್ಟವನಿಗೇ ಕಷ್ಟ. ಹೊಸಬನಿಗೆ ನಾನು ಹೇಳುವುದಿಲ್ಲ.

ಬೇರು ಬಿಟ್ಟ ನನ್ನದೇ ಕಥೆ ಕೇಳು. ನಾನು ಬಂದದ್ದು 2013ರಲ್ಲಿ. ಮೊದಲ ಮೂರೂವರೆ ವರ್ಷ ಬ್ರ್ಯಾಂಪ್ಟನ್ ಬಿಟ್ಟು ಅಲುಗಿರಲಿಲ್ಲ. ಹಗೇವು ತುಂಬ ಜೋಳ ಇದೆ ಎಂದು ಕೂತವನ ಹಾಗೆ ನಿಶ್ಚಿಂತೆಯಿಂದ ಇದ್ದೆ. 2018ರಲ್ಲಿ ಮೊದಲ ರಿನ್ಯೂ ಹೂವೆತ್ತಿದ ಹಾಗೆ ಆಯಿತು. ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ವರ್ಷದಲ್ಲಿ ಐದು ತಿಂಗಳು ಇಲ್ಲಿ ಗೋದಾಮಿನಲ್ಲಿ ದುಡಿಯುವುದು, ಉಳಿದ ದಿನ ಚಿತ್ತಾಪುರ ಕಡೆಯ ನಮ್ಮ ಊರಲ್ಲಿ ಅಪ್ಪನನ್ನೂ ತೊಗರಿ ಹೊಲವನ್ನೂ ನೋಡಿಕೊಳ್ಳುವುದು. 2021ರಲ್ಲಿ ಹೋದಾಗ ಏಪ್ರಿಲ್ 22ರಿಂದ ಸೆಪ್ಟೆಂಬರ್ ಕೊನೆಯವರೆಗೆ ಭಾರತದಿಂದ ಕೆನಡಾಕ್ಕೆ ನೇರ ವಿಮಾನವೇ ನಿಂತು ಅಲ್ಲೇ ಸಿಕ್ಕಿಬಿದ್ದೆ.

ಈ ಹಗೇವಿನ ಗುಣ ಏನೆಂದರೆ, ಮೇಲಿಂದ ನೀನು ಜೋಳ ಸುರಿಯುತ್ತಿದ್ದಂತೆಯೇ ಬುಡದಲ್ಲಿ ಹಳೆಯದು ಸೋರುತ್ತದೆ. ಐದು ವರ್ಷ ದಾಟಿದ ದಿನ ಲೆಕ್ಕದಲ್ಲಿಲ್ಲ. 2013ರಿಂದ ಮೊದಲ ಮೂರೂವರೆ ವರ್ಷ ಕೂಡಿಟ್ಟದ್ದರಲ್ಲಿ 2023ಕ್ಕೆ ಒಂದು ಕಾಳೂ ಉಳಿದಿರಲಿಲ್ಲ. ನಿನಗೂ ಅಷ್ಟೇ: ಅರ್ಜಿಯನ್ನು 2029ರ ಕೊನೆಗೆ ಹಾಕಿದರೆ ನಿನ್ನ ಮೊದಲಿನ ಆ 38 ದಿನ ಲೆಕ್ಕದಿಂದ ಜಾರಿರುತ್ತವೆ.

2023ರ ಮೇ ತಿಂಗಳಲ್ಲಿ ಅರ್ಜಿಗೆ ಕೂತಾಗ ನನ್ನ ನೋಟ್‌ಬುಕ್ 768 ಅಂತು. ಖುಷಿಯಾಯಿತು. ಫಾರ್ಮಿನಲ್ಲಿ ಐದು ವರ್ಷದ ಒಂದೊಂದು ಗೈರುಹಾಜರಿಯನ್ನೂ ಬರೆಯಬೇಕು: ಯಾವತ್ತು ಹೋದೆ, ಯಾವತ್ತು ಬಂದೆ, ಎಲ್ಲಿಗೆ, ಯಾಕೆ. ಬರೆಯುತ್ತಿರುವಾಗ ಹೆಂಡತಿ ಹಿಂದಿನಿಂದ, "ಷಿಕಾಗೋ ಬರದ್ರೇನು?" ಅಂದಳು. ತಂಗಿಯ ಮನೆ ಷಿಕಾಗೋದಲ್ಲಿದೆ. ದೀಪಾವಳಿಗೆ, ಅವಳ ಬಾಣಂತನಕ್ಕೆ ಎಂದು ಕಾರಿನಲ್ಲಿ ಡೆಟ್ರಾಯಿಟ್ ದಾಟಿ ಹೋಗಿಬಂದದ್ದು ಒಟ್ಟು 27 ದಿನ. ಪಾಸ್‌ಪೋರ್ಟಿನಲ್ಲಿ ಆ ಓಡಾಟಕ್ಕೆ ಕೆನಡಾದ ಮುದ್ರೆ ಇಲ್ಲ, ಹಾಗಾಗಿ ನನ್ನ ತಲೆಯಲ್ಲಿ ಅವು ಕೆನಡಾದ ದಿನಗಳೇ ಆಗಿದ್ದವು. ಆದರೆ ಕಾರಿನಲ್ಲಿ ಗಡಿ ದಾಟಿದ್ದೂ, 2020ರಿಂದ ವಿಮಾನ ಹತ್ತಿ ಹೊರಟದ್ದೂ ಸರಕಾರದ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. 768ರಲ್ಲಿ 27 ಹೋಗಿ 741. ಮಿಕ್ಕದ್ದು ಹನ್ನೊಂದು ದಿನ.

ಹನ್ನೊಂದು ದಿನ ಕೈಯಲ್ಲಿ ಹಿಡಿದುಕೊಂಡು ಅರ್ಜಿ ಹಾಕಿದೆ. ಹೆಚ್ಚಿನ ದಾಖಲೆ ಕೇಳಿದರು, ತಿಂಗಳುಗಳು ಕಳೆದವು. ಅದರ ನಡುವೆಯೇ ಅಪ್ಪನ ವರ್ಷದ ಪುಣ್ಯಸ್ಮರಣೆ ಬಂತು. ಹಳೆ ಕಾರ್ಡ್ ತೀರಿದೆ, ಹೊಸದು ಕೈಗೆ ಬಂದಿಲ್ಲ. ಹೋದರೆ ಅಲ್ಲಿ ಕಳೆಯುವ ಒಂದೊಂದು ದಿನಕ್ಕೂ 2018ರ ಒಂದೊಂದು ದಿನ ಬುಡದಲ್ಲಿ ಸೋರುತ್ತದೆ. ಹೋಗಲಿಲ್ಲ. ಊರಲ್ಲಿ ನನ್ನ ತಮ್ಮ ಫೋನನ್ನು ತಾಮ್ರದ ಚರಿಗೆಗೆ ಆನಿಸಿ ಇಟ್ಟಿದ್ದ. ಎರಡು ತಾಸು ನನಗೆ ಕಂಡದ್ದು ತಿರುಗುವ ಫ್ಯಾನು, ಸೋದರಮಾವನ ಹೆಗಲು, ಒಂದು ಸಲ ಮಾಲ್ದಿ ತುಂಬಿದ ಪರಾತ. ಇಲ್ಲಿ ಬೆಳಗಿನ ಜಾವ ಮೂರು ಗಂಟೆ.

ಅದಕ್ಕೇ ಹೇಳುತ್ತೇನೆ, ಕಾರ್ಡ್ ಮೇಲಿನ ತಾರೀಖನ್ನು ನಂಬಬೇಡ. ಕಾರ್ಡ್ ತೀರಿದರೆ ಪಿಆರ್ ತೀರುವುದಿಲ್ಲ; ಕಾರ್ಡ್ ಇನ್ನೂ ನಡೆಯುತ್ತಿದ್ದರೂ ದಿನ ಕಡಿಮೆ ಬಿದ್ದರೆ ವಿಮಾನ ನಿಲ್ದಾಣದಲ್ಲೇ ಅಧಿಕಾರಿ ವರದಿ ಬರೆಯಬಹುದು. ಕಾರ್ಡ್ ಕೆಲಸಕ್ಕೆ ಬರುವುದು ಮುಖ್ಯವಾಗಿ ವಿಮಾನ ಹತ್ತುವಾಗ.

ರಿನ್ಯೂ ಕೆಲಸ ಸ್ವತಃ ದೊಡ್ಡದಲ್ಲ. ಕಾರ್ಡ್ ತೀರಲು ಒಂಬತ್ತು ತಿಂಗಳಿಗಿಂತ ಕಡಿಮೆ ಉಳಿದಾಗ ಹಾಕಬಹುದು, ಶುಲ್ಕ 50 ಡಾಲರ್, ಆನ್‌ಲೈನ್‌ನಲ್ಲೇ ಆಗುತ್ತದೆ. ಫೋಟೋ 50ಕ್ಕೆ 70 ಮಿಲಿಮೀಟರ್, ನಮ್ಮ ಪಾಸ್‌ಪೋರ್ಟ್ ಅಳತೆ ನಡೆಯುವುದಿಲ್ಲ. ಅರ್ಜಿ ಹಾಕುವಾಗ ನೀನು ಕೆನಡಾದಲ್ಲಿರಬೇಕು, ಕಾರ್ಡನ್ನು ಇಲ್ಲಿನ ವಿಳಾಸಕ್ಕೆ ಮಾತ್ರ ಕಳಿಸುತ್ತಾರೆ. ನೀನು ಅಲ್ಲಿರುವಾಗಲೇ ಕಾರ್ಡ್ ತೀರಿತು ಅಂದುಕೋ, ಆಗ ರಿನ್ಯೂ ಅಲ್ಲ, ಒಮ್ಮೆ ಮರಳಿ ಬರಲು ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಬೇಡಬೇಕು. ಅದಕ್ಕೂ 50 ಡಾಲರೇ. ಆದರೆ ಅದನ್ನು ಕೊಡುವ ಮುಂಚೆ ಅವರು ನಿನ್ನ ದಿನ ಎಣಿಸುತ್ತಾರೆ. ಕಡಿಮೆ ಇದ್ದು ನಿರಾಕರಿಸಿದರೆ ಮೇಲ್ಮನವಿಗೆ 60 ದಿನ ಸಿಗುತ್ತದೆ. ತಾಯಿಯ ಕಾಯಿಲೆಯಂಥ ಕಾರಣವನ್ನು ಮಾನವೀಯ ನೆಲೆಯಲ್ಲಿ ನೋಡುವ ಅವಕಾಶ ಕಾನೂನಿನಲ್ಲಿದೆ. ಹೇಳಿಕೊಂಡರೆ ಅವರು ನೋಡಲೇಬೇಕು; ಒಪ್ಪಲೇಬೇಕು ಅಂತ ಮಾತ್ರ ಇಲ್ಲ. ಆದರೂ ಡಯಾಲಿಸಿಸ್ ಚೀಟಿಗಳನ್ನು ತಾರೀಖು ಕಾಣುವಂತೆ ಒಂದೊಂದೂ ಫೋಟೋ ತೆಗೆದಿಡು. ಆಸ್ಪತ್ರೆಯವರು ಕೊಡುವ ಆ ಥರ್ಮಲ್ ಕಾಗದದ ಚೀಟಿ ಒಂದು ಬೇಸಿಗೆ ಕಳೆದರೆ ಬಿಳೀ ಹಾಳೆ ಆಗುತ್ತದೆ, ಕಲಬುರಗಿ ಬಿಸಿಲು ಗೊತ್ತಲ್ಲ.

ಏಜೆಂಟ್ ಇನ್ನೊಂದು ದಾರಿ ಹೇಳಿಯೇ ಹೇಳುತ್ತಾನೆ: "ನಿಮ್ಮ ಕಾಕಾನ ವಿಳಾಸ ಹಾಕಿ ಇಲ್ಲಿಂದಲೇ ಅರ್ಜಿ ಒತ್ತೋಣ." ಬೇಡ. ಹತ್ತಿರದವರ ಮನೆಯಲ್ಲಿ ಇದ್ದೇನೆ ಎಂದು ತೋರಿಸಿ ಸಿಕ್ಕಿಬಿದ್ದರೆ ಸುಳ್ಳು ಮಾಹಿತಿ ಎಂದು ಐದು ವರ್ಷ ಈ ದೇಶದ ಬಾಗಿಲು ಮುಚ್ಚುತ್ತದೆ. ನೀನು ಕಲ್ಯಾಣ ಕರ್ನಾಟಕದ ಸ್ಥಳೀಯ ಎನ್ನುವ 371ಜೆ ಸರ್ಟಿಫಿಕೇಟಿಗೆ ಶಾಲೆ ದಾಖಲೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಾಗ ವಾಸ ಎಂದರೆ ಎಷ್ಟು ಕಾಗದ ಅನ್ನುವುದು ಕಂಡಿದ್ದೀ. ಇಲ್ಲಿಯೂ ಅದೇ ಕಾಗದ, ಹೆಸರು ಬೇರೆ: ಮನೆ ಬಾಡಿಗೆ ಕರಾರು, ಸಂಬಳದ ಚೀಟಿ, ತೆರಿಗೆ ಇಲಾಖೆ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್.

"ಕೆನಡಾ ಕಂಪನಿ ಕೆಲಸವನ್ನು ಕಲಬುರಗಿಯಿಂದಲೇ ಮಾಡಿದರೆ?" ಎಂದು ಕೊನೆಗೆ ಕೇಳಿದ್ದೀ. ಇಲ್ಲಿನ ಕಂಪನಿ ತನ್ನ ಕಾಯಂ ನೌಕರನನ್ನು ತಾನಾಗಿ ಹೊರದೇಶಕ್ಕೆ ನಿಯೋಜಿಸಿ ಕಳಿಸಿದರೆ ಆ ದಿನಗಳು ಸೇರುವುದುಂಟು. ನೀನು ಸೇಡಂ ರಸ್ತೆಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತದ್ದು ಅದಾಗುವುದಿಲ್ಲ. ಕೆನಡಾ ಪೌರತ್ವ ಇರುವ ಗಂಡ ಅಥವಾ ಹೆಂಡತಿಯ ಜೊತೆ ಹೊರಗಿದ್ದರೆ ಆ ದಿನವೂ ಸೇರುತ್ತದೆ, ಅದು ನಿನಗೆ ಸದ್ಯಕ್ಕೆ ಸಂಬಂಧವಿಲ್ಲ. ವೈನಿ ಹೆಣ್ಣು ನೋಡುವ ಮಾತು ತೆಗೆದರೆ ಮಾತ್ರ ನೆನಪಿರಲಿ!

ಆಸ್ಪತ್ರೆ ಕಾರ್ಡಿನ ಲೆಕ್ಕವೇ ಬೇರೆ. ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಓಹಿಪ್, ಅಂದರೆ ಸರಕಾರಿ ಆರೋಗ್ಯ ವಿಮೆ, ಉಳಿಯಬೇಕಾದರೆ ಯಾವುದೇ ಹನ್ನೆರಡು ತಿಂಗಳಲ್ಲಿ 153 ದಿನ ಪ್ರಾಂತ್ಯದೊಳಗೆ ಇರಬೇಕು. ವರ್ಷಕ್ಕೆ 150 ದಿನ ಇದ್ದವನಿಗೆ ಐದು ವರ್ಷಕ್ಕೆ 750 ಆಯಿತು, ಪಿಆರ್ ಗಟ್ಟಿ; ಮೂರೇ ದಿನಕ್ಕೆ ಆಸ್ಪತ್ರೆ ಹೋಯಿತು. ಆದಾಯ ತೆರಿಗೆಗೆ ಭಾರತದವರು ಏಪ್ರಿಲ್‌ನಿಂದ ಮಾರ್ಚ್ ಎಂದು 182 ದಿನ ಎಣಿಸುತ್ತಾರೆ, ಅದಕ್ಕೂ ಇದಕ್ಕೂ ನಂಟಿಲ್ಲ. ನಮ್ಮ ಗಂಜ್‌ನಲ್ಲಿ ಅಡತಿ ಅಂಗಡಿಯವರು ದೀಪಾವಳಿಗೆ ಖಾತೆ ಪುಸ್ತಕ ಬದಲಿಸಿದರೆ ಎಲ್ಲ ಲೆಕ್ಕವೂ ಬದಲಾಗುತ್ತದೆ. ಇಲ್ಲಿ ಒಂದೊಂದು ಇಲಾಖೆಗೆ ಒಂದೊಂದು ದೀಪಾವಳಿ.

ಇಷ್ಟು ಗೋಳು ಯಾಕೆ, ಪೌರತ್ವ ತಗೋಬಾರದೇ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಅದಕ್ಕೆ ಐದು ವರ್ಷದಲ್ಲಿ 1095 ದಿನ ಬೇಕು. 2017ರ ಕೊನೆಗೆ ನನ್ನ ಹತ್ತಿರ ಅಷ್ಟು ದಿನ ಇತ್ತು, ತಗೊಳ್ಳಲಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದರೆ ಹೊಲ ಕೈಬಿಡುತ್ತದೆ ಎಂದು ಅಪ್ಪ ಹೆದರಿದ್ದ. ವಾರಸಾಗಿ ಬಂದ ಹೊಲ ಒಸಿಐ, ಅಂದರೆ ಬೇರೆ ದೇಶದ ಪೌರನಾದ ಭಾರತ ಮೂಲದವನು, ಆದವನಿಗೂ ಉಳಿಯುತ್ತದೆ. ಹೊಸದಾಗಿ ಹೊಲ ಕೊಳ್ಳಲು ಒಸಿಐಗೆ ಹೇಗೆ ಬರುವುದಿಲ್ಲವೋ ನನ್ನಂಥ ಎನ್‌ಆರ್‌ಐಗೂ ಹಾಗೇ ಬರುವುದಿಲ್ಲ. ಇದು ತಿಳಿದದ್ದು ತಡವಾಗಿ. ಈಗಲೂ ತಗೊಂಡಿಲ್ಲ, ಅದಕ್ಕೆ ಕಾರಣ ಕೇಳಿದರೆ ನನ್ನ ಹತ್ತಿರ ಕಾಗದ ಇಲ್ಲ.

ಈ ವರ್ಷ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಬರುತ್ತಿದ್ದೇನೆ, ದಿನ ಎಣಿಸಿಯೇ ಟಿಕೆಟ್ ತೆಗೆದಿದ್ದೇನೆ. ಅದಾದ ಮೇಲೆ ನಿಮ್ಮ ಮನೆಗೆ ಬರುತ್ತೇನೆ. ಅಷ್ಟರಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ನೀ ಬಂದ ತಾರೀಖು, ಹೋದ ತಾರೀಖು ಬರೆದಿಡು, ಬೋರ್ಡಿಂಗ್ ಪಾಸ್ ಇದ್ದರೆ ಅಂಟಿಸು. ನಿನ್ನ ಪಾಸ್‌ಪೋರ್ಟ್ ಮುಂದಿನ ವರ್ಷ ಬದಲಾಗುತ್ತದೆ ಅಂದಿದ್ದೆ. ಮೂಲೆ ಕತ್ತರಿಸಿ ವಾಪಸ್ ಕೊಡುವ ಹಳೆಯದನ್ನು ಮಕ್ಕಳಿಗೆ ಆಡಲು ಕೊಟ್ಟೀಯ ಮತ್ತೆ. ವೈನಿಗೆ ಶರಣು ಹೇಳು. ಡಯಾಲಿಸಿಸ್ ಇಲ್ಲದ ದಿನ ಯಾವುದು ಅಂತ ತಿಳಿಸು, ಆವತ್ತೇ ಬರ್ತೀನಿ.