ಡಿಮೆನುವಿನಲ್ಲಿ ಅಲಿಯಾಸ್ ಏಕೆ ಬರುವುದಿಲ್ಲ

ಬೆಸ್ಕಾಂ ಬಿಲ್, ನಮ್ಮ ಮೆಟ್ರೋ ಪುಟ ತೆರೆಯಲು ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶೆಲ್‌ನ ಸೆಟ್ಟಿಂಗ್ ಫೈಲ್) ಅಲಿಯಾಸ್, ಅಂದರೆ ಕಮಾಂಡಿಗೊಂದು ಚಿಕ್ಕ ಹೆಸರು, ಬರೆದರೂ ಲಿನಕ್ಸ್‌ನ ಡಿಮೆನುವಿನಲ್ಲಿ (ಹೆಸರು ಟೈಪ್ ಮಾಡಿ ಆರಿಸುವ ಮೆನು) ಕಾಣ್ತಿಲ್ಲ ಅಂದಿದ್ದೀರಿ. ಕಾಣೋದೂ ಇಲ್ಲ. ಡಿಮೆನುವಿನಿಂದ ಪ್ರೋಗ್ರಾಂ ಓಡಿಸುವ ಡಿಮೆನು-ರನ್ ನೋಡುವುದು ಪಾತ್‌ನಲ್ಲಿರುವ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಎಕ್ಸಿಕ್ಯೂಟಬಲ್, ಅಂದರೆ ಓಡಿಸಬಹುದಾದ, ಫೈಲುಗಳನ್ನು ಮಾತ್ರ. ಅಲಿಯಾಸ್ ಗೊತ್ತಿರುವುದು ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಶೆಲ್‌ಗಷ್ಟೇ.

ಪುಟಕ್ಕೊಂದು ಸ್ಕ್ರಿಪ್ಟ್ ಬರೆಯಲು ಹೋಗಬೇಡಿ, ಬೇಗ ಕಸದ ರಾಶಿಯಾಗುತ್ತೆ. ಒಂದೇ ಟೆಕ್ಸ್ಟ್ ಫೈಲ್, ಅದನ್ನು ಓದುವ ಒಂದೇ ಸ್ಕ್ರಿಪ್ಟ್ ಸಾಕು. ಫೈಲಿನ ಪ್ರತಿ ಸಾಲಿನಲ್ಲಿ ಹೆಸರು, ಟ್ಯಾಬ್, ವಿಳಾಸ. ಕೆಲವು ಎಡಿಟರ್‌ಗಳು ಟ್ಯಾಬನ್ನು ಸದ್ದಿಲ್ಲದೆ ಸ್ಪೇಸ್ ಮಾಡಿಬಿಡುತ್ತವೆ, ನೋಡಿಕೊಳ್ಳಿ. ಸ್ಕ್ರಿಪ್ಟಿನಲ್ಲಿ ಕಟ್ ಕಮಾಂಡಿನಿಂದ ಮೊದಲ ಕಾಲಂ ತೆಗೆದು ಡಿಮೆನುಗೆ ಪೈಪ್ ಮಾಡಿ, ಅಂದರೆ ಅದರ ಉತ್ತರವನ್ನು ನೇರ ಡಿಮೆನುಗೆ ಕಳಿಸಿ. ಹೈಫನ್-ಎಲ್ ಜೊತೆ 10 ಕೊಟ್ಟರೆ ಪಟ್ಟಿ ಕೆಳಮುಖವಾಗಿ ಹತ್ತು ಸಾಲು ಬರುತ್ತೆ. ಆಯ್ದ ಹೆಸರನ್ನು ಆಕ್‌ನಲ್ಲಿ (ಕಾಲಂಗಳನ್ನು ಬಿಡಿಸಿ ನೋಡುವ ಕಮಾಂಡ್) ಮೊದಲ ಕಾಲಂಗೆ ಪೂರ್ತಿ ಹೋಲಿಸಿ, ಸಿಕ್ಕ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯುವ ಎಕ್ಸ್‌ಡಿಜಿ-ಓಪನ್‌ಗೆ ಕೊಡಿ. ಪದ ಇರುವ ಸಾಲುಗಳನ್ನೆಲ್ಲ ಹುಡುಕುವ ಗ್ರೆಪ್ ಬೇಡ: ‘ಮೆಟ್ರೋ’ ಅಂದರೆ ‘ಮೆಟ್ರೋ ಕಾರ್ಡ್’ ಸಾಲೂ ಸಿಕ್ಕಿ ಎರಡು ವಿಳಾಸ ಒಟ್ಟಿಗೆ ಹೋಗುತ್ತವೆ. ಎಸ್ಕೇಪ್ ಒತ್ತಿದರೆ ಖಾಲಿ ಉತ್ತರ ಬರುತ್ತೆ, ಅಲ್ಲೇ ಎಕ್ಸಿಟ್ ಹಾಕಿ.

ಸ್ಕ್ರಿಪ್ಟ್‌ಗೆ ಸಿಎಚ್‌ಮಾಡ್ ಪ್ಲಸ್-ಎಕ್ಸ್ ಮಾಡಿ (ಓಡಿಸುವ ಅನುಮತಿ ಕೊಟ್ಟು) ನಿಮ್ಮ ಹೋಮ್ ಫೋಲ್ಡರಿನ ಡಾಟ್-ಲೋಕಲ್ ಒಳಗಿನ ಬಿನ್‌ಗೆ ಹಾಕಿ. ಆ ಫೋಲ್ಡರನ್ನು ಪಾತ್‌ಗೆ ಸೇರಿಸುವ ಸಾಲು ಲಾಗಿನ್ ಆಗುವಾಗ ಓದುವ ಡಾಟ್-ಪ್ರೊಫೈಲ್ ಫೈಲಿನಲ್ಲಿರಲಿ, ಆಮೇಲೆ ಲಾಗೌಟ್ ಮಾಡಿ ಮತ್ತೆ ಬನ್ನಿ. ಗ್ರಾಫಿಕಲ್ ಲಾಗಿನ್ ಸಾಮಾನ್ಯವಾಗಿ ಬ್ಯಾಶ್‌ಆರ್‌ಸಿ ಓದುವುದಿಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಇಡುವುದಾದರೆ ಡಿಮೆನು ಬಿಡಿ. ಅದಕ್ಕೆ ಅಕ್ಷರ ಜೋಡಿಸಲು ಬರುವುದಿಲ್ಲ. ‘ಮೆಟ್ರೋ’ದ ಒತ್ತು ಟ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಲ್ಲುತ್ತೆ. ಇದೇ ಥರದ ಇನ್ನೊಂದು ಮೆನು ರೋಫಿ, ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ ಸರಿಯಾಗಿ ತೋರಿಸುತ್ತೆ. ರೋಫಿಯನ್ನು ಹೈಫನ್-ಡಿಮೆನು ಆಯ್ಕೆಯೊಂದಿಗೆ ಕರೆದರೆ ಸ್ಕ್ರಿಪ್ಟಿನ ಉಳಿದ ಭಾಗ ಹಾಗೇ ನಡೆಯುತ್ತೆ.